ಮುತ್ಯಾನ ಟ್ರಂಕಿನಲ್ಲಿ ಸಿಕ್ಕ ಗುಂಡು ಯಾವ ಬಂದೂಕಿನದು? ಗುರುತು ಹಿಡಿಯುವ ಕ್ರಮ

ಜತ್ತ, ಅಕ್ಕಲಕೋಟ, ಗಡಹಿಂಗ್ಲಜ, ಕಾಗಲ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಮುತ್ಯಾ ಫೌಜಿನಲ್ಲಿದ್ದರು, ಅವರ ಟ್ರಂಕಿನಲ್ಲಿ ಒಂದು ಗುಂಡು ಸಿಕ್ಕಿದೆ, ಯಾವ ಯುದ್ಧದ್ದು ಹೇಳಿ ಅಂತ. ಜೊತೆಗೆ ಅಂಗೈ ಮೇಲಿಟ್ಟು ತೆಗೆದ ಒಂದು ಫೋಟೊ. ಬರೀ ಫೋಟೊ ನೋಡಿ ಇದಕ್ಕೆ ಉತ್ತರ ಹೇಳುವವರನ್ನು ನಂಬಬೇಡಿ. ಮಿಲಿಮೀಟರಿನ ಹತ್ತನೇ ಒಂದು ಭಾಗ ಹೆಚ್ಚುಕಡಿಮೆಯಾದರೆ ಗುಂಡಿನ ದೇಶವೇ ಬದಲಾಗುತ್ತದೆ. ಆದರೆ ಅಳತೆ, ತೂಕ, ಮೈಮೇಲಿನ ಗೀರು, ಈ ಮೂರನ್ನು ನೀವೇ ಮನೆಯಲ್ಲಿ ನೋಡಿಕೊಂಡರೆ ಹೆಚ್ಚಿನ ಗುಂಡುಗಳ ಗುರುತು ಸಿಕ್ಕೇ ಸಿಗುತ್ತದೆ.

ಈ ಭಾಗದ ಮನೆಗಳಲ್ಲಿ ಇವು ಇರುವುದು ಸಹಜ. ಕೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳಿಂದ ಮರಾಠಾ ಲೈಟ್ ಇನ್‌ಫೆಂಟ್ರಿಗೆ ತಲೆಮಾರುಗಳಿಂದ ಭರ್ತಿ ನಡೆದಿದೆ. ಅದರ ರೆಜಿಮೆಂಟಲ್ ಸೆಂಟರ್ ಬೆಳಗಾವಿಯಲ್ಲೇ ಇದೆ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾ, ಎರಡನೆಯದರಲ್ಲಿ ಎರಿಟ್ರಿಯಾದ ಕೆರೆನ್, ಇಟಲಿ, ಬರ್ಮಾ ಗಡಿ ಹೀಗೆ ಈ ಪಡೆಯವರು ಹೋಗದ ರಣರಂಗ ಕಡಿಮೆ. ಎದುರಿಗಿದ್ದವರು ತುರ್ಕರು, ಇಟಾಲಿಯನ್ನರು, ಜರ್ಮನರು, ಜಪಾನಿಯರು. ನಾಲ್ವರ ಬಂದೂಕೂ ಬೇರೆ, ಗುಂಡೂ ಹೆಚ್ಚಾಗಿ ಬೇರೆ.

ಕೆಲವು ಹೆಸರು ಮೊದಲು ತಿಳಿದಿರಲಿ. ಇಡೀ ವಸ್ತುವಿಗೆ ಕಾಡತೂಸು ಎನ್ನುತ್ತಾರೆ. ಅದರ ತುದಿಯಲ್ಲಿದ್ದು ಹಾರಿಹೋಗುವ ತುಂಡು ಗುಂಡು. ಹಿಂದೆ ಉಳಿಯುವ ಹಿತ್ತಾಳೆ ಕೊಳವೆಗೆ ಫೌಜಿನವರು ಖೋಕಾ ಎನ್ನುತ್ತಾರೆ. ಖೋಕಾದ ತಳದ ನಡುವಿರುವ ಸಣ್ಣ ಬಿಲ್ಲೆ ಪ್ರೈಮರ್. ಬಂದೂಕಿನ ಸೂಜಿ ಬಡಿದಾಗ ಕಿಡಿ ಹುಟ್ಟುವುದು ಅಲ್ಲೇ.

1. ಕೈ ಹಾಕುವ ಮೊದಲು: ಜೀವಂತವೋ, ಅಲ್ಲವೋ

ಗುಂಡು ಮತ್ತು ಖೋಕಾ ಎರಡೂ ಕೂಡಿಕೊಂಡಿದ್ದರೆ ಅದು ಜೀವಂತ ಕಾಡತೂಸು ಎಂದೇ ತಿಳಿಯಿರಿ. ನೂರು ವರ್ಷ ಆಯಿತು, ಮದ್ದು ಸತ್ತಿರುತ್ತದೆ ಎಂಬ ಮಾತು ಸುಳ್ಳು. ಬ್ರಿಟಿಷ್ ಕಾಲದ ಫೌಜಿನ ರೈಫಲ್ ಥ್ರೀ ನಾಟ್ ಥ್ರೀಯ ಹಳೆಯ ಕಾಡತೂಸಿನೊಳಗೆ ಹೆಚ್ಚಾಗಿ ಪುಡಿಮದ್ದು ಇರುವುದಿಲ್ಲ, ಶಾವಿಗೆಯ ಎಳೆಗಳಂತೆ ಉದ್ದುದ್ದ ಕಾರ್ಡೈಟ್ ಎಂಬ ಮದ್ದಿನ ಕಡ್ಡಿಗಳಿರುತ್ತವೆ. ಒಣಗಿದ ಜಾಗದಲ್ಲಿ ಇಟ್ಟರೆ ಅದು ದಶಕಗಟ್ಟಲೆ ಕೆಡುವುದಿಲ್ಲ.

ಪ್ರೈಮರ್ ಮೇಲೆ ಸೂಜಿ ಬಡಿದ ಕುಳಿ ಇದೆ, ಆದರೂ ಗುಂಡು ಜಾಗದಲ್ಲೇ ಇದೆ ಅಂದರೆ ಅದು ಹಾರದೆ ಉಳಿದ ಕಾಡತೂಸು. ಉಳಿದೆಲ್ಲಕ್ಕಿಂತ ಇದಕ್ಕೆ ಹೆಚ್ಚು ಹೆದರಬೇಕು. ಗುಂಡಿಲ್ಲದೆ ಬಾಯಿ ಮಡಚಿ ಮುಚ್ಚಿದ ಕಾಡತೂಸು 'ಬ್ಲ್ಯಾಂಕ್', ಅಂದರೆ ಸದ್ದಿಗಾಗಿ ಮಾಡಿದ್ದು. ಅದರೊಳಗೂ ಮದ್ದು ಇರುತ್ತದೆ. ಖೋಕಾದ ಮೈಗೆ ಅಚ್ಚುಕಟ್ಟಾಗಿ ತೂತು ಕೊರೆದಿದ್ದರೆ ಅದು ಕವಾಯತಿಗೆ ಬಳಸುವ ಡ್ರಿಲ್ ಕಾಡತೂಸು ಇರಬಹುದು. ಹಾಗಿದ್ದರೂ ತೀರ್ಮಾನವನ್ನು ತಿಳಿದವರಿಗೇ ಬಿಡಿ.

ಗುಂಡಿನ ತುದಿಗೆ ಬಣ್ಣ ಹಚ್ಚಿದ್ದರೆ ಅಥವಾ ವಸ್ತು ಹೆಬ್ಬೆರಳಿಗಿಂತ ದಪ್ಪ ಇದ್ದರೆ ಮುಟ್ಟಲೇಬೇಡಿ. ಬೆಂಕಿ ಹಚ್ಚುವ, ಹಾದಿ ತೋರಿಸುವ ಗುಂಡುಗಳ ಹೊಟ್ಟೆಯಲ್ಲೇ ರಾಸಾಯನಿಕ ತುಂಬಿರುತ್ತದೆ. ಖೋಕಾ ಇಲ್ಲದ ಬರೀ ಗುಂಡಾದರೂ ಅದು ಹೊತ್ತಿಕೊಳ್ಳಬಲ್ಲದು. ಇಂಥದ್ದು ಸಿಕ್ಕರೆ ಇದ್ದಲ್ಲೇ ಬಿಡಿ, ಮಕ್ಕಳನ್ನು ದೂರ ಇರಿಸಿ, 112ಕ್ಕೆ ಫೋನ್ ಮಾಡಿ.

ವೈಸ್‌ಗೆ ಕಚ್ಚಿಸುವುದು, ಇಕ್ಕಳದಿಂದ ಗುಂಡು ಕೀಳುವುದು, ಬಿಸಿ ಮಾಡುವುದು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸುವುದು ಯಾವುದೂ ಬೇಡ. ಇಚಲಕರಂಜಿ, ಕೊಲ್ಲಾಪುರದ ವರ್ಕ್‌ಶಾಪುಗಳಲ್ಲಿ ಕೆಲಸ ಮಾಡುವ ಓದುಗರಿಗೆ ಇದನ್ನು ಒತ್ತಿ ಹೇಳುತ್ತೇನೆ. ನಿಮ್ಮ ಕೈಗೆ ಎಲ್ಲ ಹತಾರವೂ ಸಿಗುತ್ತದೆ, ಆ ಕಾರಣಕ್ಕೇ ಆಸೆ ಹೆಚ್ಚು.

2. ಕಾನೂನಿನ ಮಾತು

ಲೈಸೆನ್ಸ್ ಇಲ್ಲದೆ ಜೀವಂತ ಕಾಡತೂಸು ಇಟ್ಟುಕೊಳ್ಳುವುದು 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ. ಮುತ್ಯಾ ತಂದದ್ದು, ನೆನಪಿಗಾಗಿ ಇಟ್ಟದ್ದು ಎಂಬುದು ಲೈಸೆನ್ಸ್ ಆಗುವುದಿಲ್ಲ. ಕಾಡತೂಸನ್ನು ಠಾಣೆಗೆ ನೀವೇ ಒಯ್ಯಬೇಡಿ. ಮೊದಲು ಫೋನಿನಲ್ಲೋ ಖುದ್ದಾಗಿಯೋ ತಿಳಿಸಿ, ಎಲ್ಲಿ, ಯಾವಾಗ, ಹೇಗೆ ಸಿಕ್ಕಿತು ಎಂದು ಅರ್ಜಿ ಬರೆದುಕೊಡಿ, ಅದರ ಪ್ರತಿಯ ಮೇಲೆ ಸಹಿ, ಶಿಕ್ಕೆ ಹಾಕಿಸಿಕೊಳ್ಳಿ. ಆ ಪ್ರತಿಯನ್ನು ಜೋಪಾನ ಮಾಡಿ.

ಹಾರಿ ಮುಗಿದ ಗುಂಡು, ಖಾಲಿ ಖೋಕಾ ಇವುಗಳ ಮಾತು ಬೇರೆ. ಮತ್ತೆ ಬಳಸುವ ಉದ್ದೇಶವಿಲ್ಲದ ಬಿಡಿ ಭಾಗಗಳಿಗೆ ಇದೇ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೂ ಅವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬೆಳಗಾವಿ ಅಥವಾ ಕೊಲ್ಲಾಪುರದ ವಿಮಾನ ಹತ್ತಲು ಹೋಗಬೇಡಿ. ತಪಾಸಣೆಯಲ್ಲಿ ಸಿಕ್ಕರೆ ಆ ದಿನದ ಪ್ರಯಾಣವಂತೂ ಮುಗಿಯಿತು.

ಹೊಲದಲ್ಲಿ, ಕೋಟೆಯ ಸುತ್ತ ಗುಂಡು ಸಿಕ್ಕವರಿಗೆ ಇನ್ನೊಂದು ಮಾತು. ಸಂರಕ್ಷಿತ ಕೋಟೆಯ ಆವರಣದಲ್ಲಿ ಅಗೆಯುವಂತಿಲ್ಲ. ನೆಲದಲ್ಲಿ ಹುದುಗಿದ್ದ ಬೆಲೆಯುಳ್ಳ ವಸ್ತು ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುತ್ತದೆ.

3. ಅಳತೆ ಮತ್ತು ತೂಕ

ಇಲ್ಲಿಂದ ಮುಂದಿನದೆಲ್ಲ ಖೋಕಾ ಇಲ್ಲದ, ಬಣ್ಣದ ತುದಿಯಿಲ್ಲದ ಬಿಡಿ ಗುಂಡಿಗೆ ಮಾತ್ರ. ಬೇಕಾದದ್ದು ಒಂದು ವರ್ನಿಯರ್ ಕ್ಯಾಲಿಪರ್ (ಪ್ಲಾಸ್ಟಿಕ್ಕಿನದಾದರೆ ಗೀರು ಬೀಳುವುದಿಲ್ಲ), ಒಂದು ಅಯಸ್ಕಾಂತ, ಒಂದು ಭೂತಗನ್ನಡಿ, ಮತ್ತು ಪತ್ತಾರರ ತಕ್ಕಡಿ. ನಿಮ್ಮೂರ ಪತ್ತಾರರ ಅಂಗಡಿಯಲ್ಲಿ ಎರಡು ನಿಮಿಷ ಕೇಳಿದರೆ ತೂಗಿ ಕೊಡುತ್ತಾರೆ. ತೂಕವನ್ನು ಗ್ರಾಮಿನಲ್ಲೇ ಕೇಳಿ, ತೊಲೆಯಲ್ಲಿ ಬೇಡ. ಹಳೆಯ ತೊಲೆ 11.66 ಗ್ರಾಂ, ಈಗ ಬಜಾರಿನಲ್ಲಿ ಹತ್ತು ಗ್ರಾಮಿಗೇ ತೊಲೆ ಎನ್ನುತ್ತಾರೆ. ನಾವು ಹುಡುಕುತ್ತಿರುವ ಗುಂಡುಗಳ ನಡುವಿನ ಅಂತರ ಒಂದೂವರೆ ಗ್ರಾಮಿನದು, ಆದ್ದರಿಂದ ಈ ಗೊಂದಲ ದೊಡ್ಡ ತಪ್ಪಿಗೆ ದಾರಿ ಮಾಡುತ್ತದೆ.

ಅಡ್ಡಳತೆಯನ್ನು ಗುಂಡಿನ ದಪ್ಪನೆಯ ಭಾಗದಲ್ಲಿ, ತಿರುಗಿಸಿ ತಿರುಗಿಸಿ ಮೂರು ಕಡೆ ತೆಗೆದುಕೊಳ್ಳಿ. ನೆಲಕ್ಕೋ ಕಲ್ಲಿಗೋ ಬಡಿದ ಗುಂಡು ಒಂದು ಕಡೆ ಚಪ್ಪಟೆಯಾಗಿರುತ್ತದೆ. ಹಾಗಿದ್ದರೆ ಬಡಿಯದೆ ಉಳಿದ ಭಾಗದ ಅಳತೆ ಬರೆಯಿರಿ, ಚಪ್ಪಟೆಯಾಗಿದೆ ಎಂದೂ ಬರೆಯಿರಿ.

ಎಲ್ಲರೂ ಎಡವುವುದು ಇಲ್ಲಿ: ಬಂದೂಕಿನ ಹೆಸರಿನಲ್ಲಿರುವ ಅಂಕಿ ಗುಂಡಿನ ಅಳತೆಯಲ್ಲ. ಥ್ರೀ ನಾಟ್ ಥ್ರೀ ಅಂದರೆ ನಳಿಕೆಯ ಒಳಗಿನ ಅಳತೆ, ಒಂದಿಂಚಿನ ಸಾವಿರದಲ್ಲಿ 303 ಪಾಲು, ಅಂದರೆ 7.7 ಮಿ.ಮೀ. ಅದರ ಗುಂಡು 7.9 ಮಿ.ಮೀ. ಇರುತ್ತದೆ, ಏಕೆಂದರೆ ಅದು ನಳಿಕೆಯೊಳಗಿನ ಗೀರುಗಳನ್ನು ಕಚ್ಚಿಕೊಂಡು ಹೋಗಬೇಕು. 7.92 ಎಂದು ಹೆಸರಾದ ಜರ್ಮನ್ ಬಂದೂಕಿನ ಗುಂಡು 8.2 ಮಿ.ಮೀ. ಹೀಗಾಗಿ 7.9 ಅಳತೆ ಕಂಡ ಕೂಡಲೇ ಹುಡುಕಿ ನೋಡಿ, ಇದು ಜರ್ಮನ್ ಗುಂಡು ಎಂದು ತೀರ್ಮಾನಿಸಿದವರು ಬಹಳ ಜನ. ಅದು ಬಹುಪಾಲು ನಮ್ಮದೇ ಥ್ರೀ ನಾಟ್ ಥ್ರೀ ಆಗಿರುತ್ತದೆ.

4. ಬರೀ ಸೀಸದ ಗುಂಡಾದರೆ

ಬೂದು ಬಣ್ಣ, ಮೇಲೆ ಬಿಳಿ ಪದರ, ಮೆತ್ತನೆಯ ಲೋಹ, ತಾಮ್ರದ ಹೊದಿಕೆ ಇಲ್ಲ ಎಂದಾದರೆ ಅದು ಬಹುಪಾಲು ಮಹಾಯುದ್ಧಗಳಿಗಿಂತ ಹಳೆಯದು. ಇಲ್ಲಿ ತೂಕ ನೋಡಿದರೆ ಮೋಸ ಹೋಗುತ್ತೀರಿ. ಕಂಪನಿ ಸರಕಾರದ ಬ್ರೌನ್ ಬೆಸ್ ಮಸ್ಕೆಟಿನ ಉರುಟು ಗುಂಡು, ಸ್ನೈಡರ್ ರೈಫಲಿನ ಗುಂಡು, ಮಾರ್ಟಿನಿ ಹೆನ್ರಿಯ ಗುಂಡು ಮೂರೂ ಸುಮಾರು 31 ಗ್ರಾಂ ತೂಗುತ್ತವೆ. ಬೇರೆ ಮಾಡುವುದು ಅಡ್ಡಳತೆ: ಮಸ್ಕೆಟಿನದು ಸುಮಾರು 17.5 ಮಿ.ಮೀ., ಸ್ನೈಡರಿನದು 14.5, ಮಾರ್ಟಿನಿಯದು 11.4. ಸ್ನೈಡರ್ ಗುಂಡಿನ ತಳ ಪೊಳ್ಳು, ಸೊಂಟದಲ್ಲಿ ಉಂಗುರದಂಥ ಗೆರೆಗಳಿರುತ್ತವೆ. ಮಾರ್ಟಿನಿಯದು ಉದ್ದ, ನುಣುಪು, ಕಾಗದ ಸುತ್ತಿ ತುಂಬುತ್ತಿದ್ದದ್ದು.

ಗಡಹಿಂಗ್ಲಜದ ಹತ್ತಿರದ ಸಾಮಾನಗಡದಲ್ಲಿ 1844ರಲ್ಲಿ ಗಡಕರಿಗಳು, ಅಂದರೆ ಕೋಟೆ ಕಾಯುವವರು, ಬಂಡೆದ್ದಾಗ ಬ್ರಿಟಿಷರು ಕೋಟೆಯ ಮೇಲೆ ದಾಳಿ ಮಾಡಿದ್ದರು. 1818ರಲ್ಲಿ ಕಂಪನಿ ಸೈನ್ಯದ ಥಾಮಸ್ ಮನ್ರೋ ಸೊಲ್ಲಾಪುರವನ್ನು ಹಿಡಿದ. ಆ ಸುತ್ತಿನ ಹೊಲಗಳಲ್ಲಿ ಉರುಟು ಗುಂಡು ಸಿಕ್ಕರೆ ಆಶ್ಚರ್ಯವಿಲ್ಲ. ಆದರೆ ನಾಡಬಂದೂಕಿನ ಗುಂಡಿಗೆ ಒಂದೇ ಅಳತೆ ಎಂಬುದಿರಲಿಲ್ಲ, ಬೇಟೆಯವರೂ ಅದನ್ನೇ ಎರಕ ಹೊಯ್ಯುತ್ತಿದ್ದರು. ಆದ್ದರಿಂದ 17.5 ಮಿ.ಮೀ.ಗೆ ಸರಿಹೊಂದದ ಉರುಟು ಗುಂಡಿಗೆ ಯಾವ ಯುದ್ಧದ ಹೆಸರನ್ನೂ ಅಂಟಿಸಬೇಡಿ.

5. ಲೋಹದ ಕವಚ ಇರುವ ಗುಂಡು

ಹೊರಗೆ ತಾಮ್ರದ ಅಥವಾ ಬೆಳ್ಳಿಯ ಬಣ್ಣದ ತೆಳು ಹೊದಿಕೆ, ಒಳಗೆ ಸೀಸ. ಟ್ರಂಕಿನಿಂದ ಬರುವ ಹೆಚ್ಚಿನವು ಇವೇ. ಅಡ್ಡಳತೆಯಿಂದ ಶುರು ಮಾಡಿ.

*ಸುಮಾರು 7.9 ಮಿ.ಮೀ.* ಮೂಗು ಚೂಪು, ತಳ ಚಪ್ಪಟೆ, ತೂಕ 11.3 ಗ್ರಾಂ, ಉದ್ದ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಇದ್ದರೆ ಥ್ರೀ ನಾಟ್ ಥ್ರೀಯ ಮಾರ್ಕ್ 7 ಗುಂಡು. 1910ರಲ್ಲಿ ಜಾರಿಗೆ ಬಂದ ಇದು ಎರಡೂ ಮಹಾಯುದ್ಧಗಳಲ್ಲಿ ಓಡಿತು. ಇದರ ಮೂಗಿನೊಳಗೆ ಸೀಸವಿಲ್ಲ, ಅಲ್ಯೂಮಿನಿಯಂ ಅಥವಾ ಒತ್ತಿದ ನಾರಿನ ತುಂಡು ಇರುತ್ತದೆ. ಮೂಗು ಒಡೆದ ಗುಂಡಿನಲ್ಲಿ ಬಿಳಿ ಲೋಹ ಕಂಡರೆ ಅದೇ ಇದು. ಅಳತೆ ಇದೇ ಇದ್ದು ಮೂಗು ಉರುಟು, ತೂಕ 14 ಗ್ರಾಮಿನ ಹತ್ತಿರ ಇದ್ದರೆ ಅದಕ್ಕಿಂತ ಹಳೆಯ ಥ್ರೀ ನಾಟ್ ಥ್ರೀ. ಚೂಪು ಮೂಗು, ತೂಕ ಹತ್ತೇ ಗ್ರಾಂ ಎಂದಾದರೆ ತುರ್ಕರ 7.65 ಮೌಸರ್ ಇರಬಹುದು, ಮುತ್ಯಾ ಮೆಸೊಪೊಟೇಮಿಯಾಕ್ಕೆ ಹೋಗಿದ್ದರೆ ಇದನ್ನು ಗಂಭೀರವಾಗಿ ನೋಡಿ. ಸುಮಾರು 11.8 ಗ್ರಾಂ ಬಂದರೆ ಜಪಾನಿನ 7.7 ಕೂಡ ಸಾಲಿನಲ್ಲಿ ನಿಲ್ಲುತ್ತದೆ.

ಜಪಾನಿನ ನೌಕಾಪಡೆ ಥ್ರೀ ನಾಟ್ ಥ್ರೀಯದೇ ಅಳತೆಯ ಕಾಡತೂಸು ಬಳಸುತ್ತಿತ್ತು, ಇಟಲಿಯ ವಿಮಾನಗಳ ಮಷಿನ್ ಗನ್ನುಗಳಲ್ಲೂ ಅದೇ ಅಳತೆ ಇತ್ತು. ಹಾಗಾಗಿ 7.9 ಕಂಡಾಗ ಗೀರು ನೋಡದೆ ಮುಂದೆ ಹೋಗಬೇಡಿ.

*ಸುಮಾರು 8.2 ಮಿ.ಮೀ.* ಜರ್ಮನ್ ಮೌಸರ್. ಹತ್ತು ಗ್ರಾಂ, ತಳ ಚಪ್ಪಟೆ ಇದ್ದರೆ 1905ರ ಮಾದರಿ, ಇದನ್ನು ಮೊದಲ ಮಹಾಯುದ್ಧದಲ್ಲಿ ತುರ್ಕರೂ ಬಳಸಿದರು. 12.8 ಗ್ರಾಂ, ತಳದ ಕಡೆಗೆ ಸಣ್ಣಗಾಗುತ್ತ ಬಂದಿದ್ದರೆ ಭಾರದ ಮಾದರಿ, ಇಟಲಿಯ ರಣರಂಗದಿಂದ ಬಂದಿರುವ ಸಾಧ್ಯತೆ ಹೆಚ್ಚು. ಜರ್ಮನ್ ಗುಂಡಿನ ಕವಚ ಸಾಮಾನ್ಯವಾಗಿ ತಾಮ್ರಮಿಶ್ರಣ ಲೇಪಿಸಿದ ಉಕ್ಕು, ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ, ಲೇಪ ಹೋದಲ್ಲಿ ತುಕ್ಕು ಕಾಣುತ್ತದೆ. ಥ್ರೀ ನಾಟ್ ಥ್ರೀಯ ಸಾದಾ ಗುಂಡು ಸಾಮಾನ್ಯವಾಗಿ ಅಂಟುವುದಿಲ್ಲ.

ಇದೇ ಅಳತೆಯಲ್ಲಿ ಮೂಗಿನ ಸೀಸ ಹೊರಗೆ ಕಾಣುತ್ತಿದ್ದು, 16 ಗ್ರಾಮಿನ ಹತ್ತಿರ ತೂಗಿದರೆ ಅದು ಯುದ್ಧದ್ದಲ್ಲ, ಲೈಸೆನ್ಸ್‌ದಾರರ 315 ಬೇಟೆ ಬಂದೂಕಿನದು. ಕಬ್ಬಿನ ಗದ್ದೆಗಳಲ್ಲಿ ಹಂದಿ ಬೇಟೆಯ ಕಾಲದ ಇಂಥ ಗುಂಡುಗಳನ್ನು 'ವರ್ಲ್ಡ್ ವಾರ್ ಗುಂಡು' ಎಂದು ಮಾರುವವರಿದ್ದಾರೆ. ದುಡ್ಡು ಕೊಡಬೇಡಿ.

*6.7ರಿಂದ 6.8 ಮಿ.ಮೀ.* ಇಬ್ಬರೇ ಇಲ್ಲಿ ಮುಖ್ಯ. ಮೂಗು ಉರುಟಾಗಿ, ಗುಂಡು ಸಣ್ಣಗೆ ಉದ್ದಕ್ಕೆ ಮೂರು ಸೆಂಟಿಮೀಟರಿನಷ್ಟಿದ್ದು, 10.5 ಗ್ರಾಂ ತೂಗಿದರೆ ಇಟಲಿಯ ಕಾರ್ಕಾನೊ. ಮೂಗು ಚೂಪಾಗಿ 9 ಗ್ರಾಂ ತೂಗಿದರೆ ಜಪಾನಿನ ಅರಿಸಾಕಾ. ಈ ಎರಡನ್ನು ಬೇರೆ ಮಾಡಲು ಕಣ್ಣೇ ಸಾಕು.

*7.8 ಮಿ.ಮೀ., 9.5 ಗ್ರಾಂ, ತಳ ಸಣ್ಣಗಾಗಿದ್ದರೆ* ಅದು 1960ರ ದಶಕದಿಂದ ನಮ್ಮ ಸೈನ್ಯದಲ್ಲಿದ್ದ ರೈಫಲ್ ಎಸ್‌ಎಲ್‌ಆರ್‌ನದು. 5.7 ಮಿ.ಮೀ., 4 ಗ್ರಾಂ ಅಂದರೆ ಅದರ ನಂತರ ಬಂದ ಇನ್ಸಾಸ್ ರೈಫಲಿನದು. ಚಾಂದಮಾರಿಯ, ಅಂದರೆ ಗುರಿ ಅಭ್ಯಾಸದ ಮೈದಾನದ ಹತ್ತಿರ ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗಿ ಮೇಲೆ ಬರುವುದು ಇವೇ. ಗುಂಡಿನ ಉದ್ದ ಒಂದೂವರೆ ಸೆಂಟಿಮೀಟರಿನಷ್ಟೇ ಇದ್ದರೆ ಅದು ರೈಫಲಿನದಲ್ಲ, ಪಿಸ್ತೂಲಿನದೋ ಸ್ಟೆನ್ ಗನ್ನಿನದೋ ಆಗಿರುತ್ತದೆ.

6. ಮೈಮೇಲಿನ ಗೀರು ಓದುವುದು

ರೈಫಲಿನ ನಳಿಕೆಯೊಳಗೆ ಸುರುಳಿಯಾಗಿ ಕಾಲುವೆ ಕೊರೆದಿರುತ್ತಾರೆ. ಹಾರಿದ ಗುಂಡಿನ ಮೈಮೇಲೆ ಅದರ ಅಚ್ಚು ಓರೆ ಗೀರುಗಳಾಗಿ ಉಳಿಯುತ್ತದೆ. ಕವಚ ಇರುವ ರೈಫಲ್ ಗುಂಡಿನ ಮೇಲೆ ಗೀರೇ ಇಲ್ಲದಿದ್ದರೆ ಆ ಗುಂಡು ಹಾರಿಲ್ಲ, ಖೋಕಾದಿಂದ ಬಿಡಿಸಿದ್ದು.

ಗುಂಡಿನ ಮೂಗು ಮೇಲಕ್ಕಿರಲಿ. ಕಿಟಕಿಯ ಬೆಳಕು ಒಂದು ಬದಿಯಿಂದ ಬೀಳುವಂತೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಗೀರುಗಳು ಮೇಲೆ ಹೋಗುತ್ತ ಎಡಕ್ಕೆ ವಾಲಿವೆಯೋ ಬಲಕ್ಕೆ ವಾಲಿವೆಯೋ ಮೊದಲು ಬರೆದುಕೊಳ್ಳಿ. ಆಮೇಲೆ ತಳದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು, ಅಲ್ಲಿಂದ ಸುತ್ತು ಹಾಕಿ ಎಣಿಸಿ. ಚುಕ್ಕೆ ಇಡದೆ ಎಣಿಸಿದರೆ ಐದು ಆರಾಗುತ್ತದೆ, ಆರು ಐದಾಗುತ್ತದೆ.

ಐದು ಗೀರು, ಎಡಕ್ಕೆ ವಾಲಿದ್ದರೆ ಲೀ ಎನ್‌ಫೀಲ್ಡ್. ಭಾರತೀಯ ಸಿಪಾಯಿಯ ಕೈಯಲ್ಲಿದ್ದ ಥ್ರೀ ನಾಟ್ ಥ್ರೀ ರೈಫಲ್ ಇದೇ. ಯುದ್ಧಕಾಲದಲ್ಲಿ ಅವಸರದಿಂದ ಮಾಡಿದ ಕೆಲವು ಎನ್‌ಫೀಲ್ಡ್ ನಳಿಕೆಗಳಲ್ಲಿ ಎರಡೇ ಗೀರು ಇರುತ್ತವೆ, ಅವೂ ಎಡಕ್ಕೆ. ಅದೇ 7.9 ಮಿ.ಮೀ. ಗುಂಡಿನ ಮೇಲೆ ಆರು ಗೀರು ಬಲಕ್ಕೆ ವಾಲಿದ್ದರೆ ಬ್ರೆನ್ ಗನ್, ನಮ್ಮ ಪಡೆಯದೇ ಲೈಟ್ ಮಷಿನ್ ಗನ್. ನಾಲ್ಕು ಗೀರು ಬಲಕ್ಕೆ ಎಂದರೆ ಮೌಸರ್, ಕಾರ್ಕಾನೊ, ಅರಿಸಾಕಾ ಮೂರೂ ಇರಬಹುದು, ಅವನ್ನು ಅಡ್ಡಳತೆ ಬೇರೆ ಮಾಡುತ್ತದೆ.

ಎಡಕ್ಕೆ ವಾಲಿದ ಐದು ಗೀರು ನೋಡಿ ಕೆಲವರಿಗೆ ನಿರಾಸೆಯಾಗುತ್ತದೆ, 'ಶತ್ರುವಿನ ಗುಂಡು' ಎಂದು ನಂಬಿಕೊಂಡು ಬಂದಿರುತ್ತಾರೆ. ನಿರಾಸೆ ಬೇಕಿಲ್ಲ. ತನ್ನ ರೈಫಲಿನ ಗುಂಡನ್ನೇ ಸಿಪಾಯಿ ನೆನಪಿಗೆ ಇಟ್ಟುಕೊಂಡಿದ್ದರೆ ಅದರ ಬೆಲೆ ಕಡಿಮೆಯಾಗುವುದಿಲ್ಲ.

7. ಖಾಲಿ ಖೋಕಾ ಇದ್ದರೆ ತಳ ನೋಡಿ

ಖೋಕಾದ ತಳದ ಸುತ್ತ ಒತ್ತಿದ ಅಕ್ಷರ, ಅಂಕಿಗಳಲ್ಲಿ ಕಾರ್ಖಾನೆಯ ಗುರುತು, ಎಷ್ಟೋ ಸಲ ತಯಾರಾದ ವರ್ಷವೂ ಇರುತ್ತದೆ. ಥ್ರೀ ನಾಟ್ ಥ್ರೀ ಖೋಕಾಕ್ಕೆ ತಳದಲ್ಲಿ ಹೊರಚಾಚಿದ ಅಂಚು ಇದೆ, ಉದ್ದ 56 ಮಿ.ಮೀ. ಇಂಗ್ಲಿಷಿನ ಕೆ ಮತ್ತು ಎಫ್ ನಡುವೆ ಬಾಣದ ಗುರುತು ಇದ್ದರೆ ಅದು ಪುಣೆಯ ಖಡಕಿ ಕಾರ್ಖಾನೆಯದು, 1869ರಲ್ಲಿ ಶುರುವಾದದ್ದು. ಡಿ ಎ ಸಿ ಎಂದಿದ್ದರೆ ಕೆನಡಾದ್ದು. ರೋಮನ್ ಏಳು ಇದ್ದರೆ ಮಾರ್ಕ್ 7. ತುರ್ಕರ ಖೋಕಾದ ಮೇಲೆ ಅರ್ಧಚಂದ್ರ, ನಕ್ಷತ್ರ ಮತ್ತು ಅರಬ್ಬಿ ಲಿಪಿಯ ಅಂಕಿಗಳಿರುತ್ತವೆ. ಜಪಾನಿನ ಭೂಸೈನ್ಯದ ರೈಫಲ್ ಖೋಕಾಗಳ ತಳ ಸಾಮಾನ್ಯವಾಗಿ ಖಾಲಿ. ಏನೂ ಬರೆದಿಲ್ಲ ಎಂಬುದೇ ಅಲ್ಲಿ ಗುರುತು.

ವರ್ಷ ನೋಡುವಾಗ ಎಚ್ಚರ. ಅದು ತಯಾರಾದ ವರ್ಷ, ಹಾರಿದ ವರ್ಷವಲ್ಲ. 1943ರ ಕಾಡತೂಸು 1948ರಲ್ಲೂ ಹಾರಿರಬಹುದು. ಸೊಲ್ಲಾಪುರದಿಂದ ನಳದುರ್ಗದ ಕಡೆ ಹೋಗುವ ಹಾದಿಯ ಹಳ್ಳಿಗಳವರು ಇದನ್ನು ನೆನಪಿಡಬೇಕು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕಾರ್ಯಾಚರಣೆಗೆ ಭಾರತೀಯ ಸೈನ್ಯ ಹೊರಟದ್ದು ಆ ಹಾದಿಯಲ್ಲೇ. ಅಲ್ಲಿ ಸಿಕ್ಕ ಥ್ರೀ ನಾಟ್ ಥ್ರೀಗೆ ಬರ್ಮಾದ ಕಥೆ ಜೋಡಿಸುವುದು ಸರಿಯಲ್ಲ. ಪೊಲೀಸರ ಕೈಯಲ್ಲೂ ಈ ರೈಫಲ್ ಇತ್ತೀಚಿನವರೆಗೆ ಇತ್ತು.

8. ಗುಂಡನ್ನು ಕಾಗದದ ಪಕ್ಕ ಇಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಹಂತ ಇದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಗುಂಡಿನಿಂದ ತಿಳಿಯುವುದು ಬಂದೂಕು ಯಾವುದೆಂದು ಮಾತ್ರ. ಯಾವ ಯುದ್ಧ, ಯಾವ ಊರು ಎಂಬುದು ಡಿಸ್ಚಾರ್ಜ್ ಪುಸ್ತಕ, ಪೆನ್ಶನ್ ಕಾಗದ, ಪದಕಗಳಿಂದ ತಿಳಿಯಬೇಕು.

ಎರಡನೇ ಮಹಾಯುದ್ಧದ ಆರು ಮೂಲೆಯ ನಕ್ಷತ್ರ ಪದಕ ಮನೆಯಲ್ಲಿದ್ದರೆ ಅದರ ನಡುವಿನ ವೃತ್ತದಲ್ಲಿ ಹೆಚ್ಚಾಗಿ ರಣರಂಗದ ಹೆಸರೇ ಬರೆದಿರುತ್ತದೆ: ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್, ಬರ್ಮಾ ಸ್ಟಾರ್. ಮರಳಿನ ಬಣ್ಣದ ರಿಬ್ಬನ್ನಿನ ನಡುವೆ ಕೆಂಪು ಪಟ್ಟಿ ಇದ್ದರೆ ಆಫ್ರಿಕಾದ್ದು. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಆದರೆ ಅದರ ದಪ್ಪ ಅಂಚಿನ ಮೇಲೆ ಸಿಪಾಯಿಯ ನಂಬರು, ಹೆಸರು, ಪಲ್ಟಣ ಕೆತ್ತಿರುತ್ತಾರೆ. ಭೂತಗನ್ನಡಿಯಲ್ಲಿ ಅಂಚು ಸುತ್ತ ಓದಿ.

ಜತ್ತ ತಾಲೂಕಿನ ಒಂದು ಮನೆಯ ಗುಂಡನ್ನೇ ನೋಡಿ. ಮುತ್ಯಾನ ಕಾಲಿನಿಂದ ತೆಗೆದ ಜಪಾನಿನ ಗುಂಡು ಎಂದು ಮನೆಯವರು ಹೇಳುತ್ತ ಬಂದಿದ್ದರು. ಅಳತೆ 6.8 ಮಿ.ಮೀ., ತೂಕ 10.4 ಗ್ರಾಂ, ಮೂಗು ಉರುಟು. ಒಂದು ಬದಿ ತಿಕ್ಕಿದಂತೆ ಚಪ್ಪಟೆ, ಇನ್ನೊಂದು ಬದಿಯಲ್ಲಿ ಬಲಕ್ಕೆ ವಾಲಿದ ಗೀರುಗಳು, ಅಯಸ್ಕಾಂತಕ್ಕೆ ಅಂಟಲಿಲ್ಲ. ಜಪಾನಿನ ಚೂಪು ಗುಂಡಿಗೆ ಇದು ಹೊಂದುವುದಿಲ್ಲ, ಇಟಲಿಯ ಕಾರ್ಕಾನೊಗೆ ಎಲ್ಲವೂ ಹೊಂದುತ್ತದೆ. ಅದೇ ಡಬ್ಬಿಯಲ್ಲಿದ್ದ ಪದಕ ತಿರುವಿದರೆ ಆಫ್ರಿಕಾ ಸ್ಟಾರ್. ಗಾಯದ ಕಥೆ ನಿಜವೇ ಇರಬಹುದು, ದೇಶದ ಹೆಸರು ಮಾತ್ರ ಹೇಳುತ್ತ ಹೇಳುತ್ತ ಬದಲಾಗಿತ್ತು. ಹಿರಿಯರು ಹೇಳಿದ್ದನ್ನು ಸುಳ್ಳು ಎಂದು ಅಳಿಸಬೇಡಿ. ಅವರ ಮಾತನ್ನು ಹಾಗೇ ಬರೆದು, ಕೆಳಗೆ ನಿಮ್ಮ ಅಳತೆಯನ್ನು ಬರೆಯಿರಿ.

ಕಾಗದ ಕಳೆದುಹೋಗಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ, ಮರಾಠಾ ಪಡೆಯವರಾಗಿದ್ದರೆ ಬೆಳಗಾವಿಯ ರೆಕಾರ್ಡ್ ಆಫೀಸಿಗೆ ಬರೆಯಿರಿ. ಸಿಪಾಯಿಯ ನಂಬರು, ಪೂರ್ತಿ ಹೆಸರು, ಅಂದಿನ ಊರು ಮತ್ತು ಪೇಟಾ ಬರೆದರೆ ಹುಡುಕುವುದು ಸುಲಭ. ಅಂದಿನ ಊರು ಎನ್ನಲು ಕಾರಣವಿದೆ: ಜತ್ತ, ಅಕ್ಕಲಕೋಟ, ಕೊಲ್ಲಾಪುರ ಆಗ ಸಂಸ್ಥಾನಗಳು, ಈಗಿನ ಜಿಲ್ಲೆಯ ಹೆಸರು ಆ ಕಾಲದ ಕಾಗದದಲ್ಲಿ ಇಲ್ಲದಿರಬಹುದು.

9. ತೊಳೆಯಬೇಡಿ

ಹುಣಸೆಹಣ್ಣು, ಬೂದಿ, ನಿಂಬೆಹುಳಿ, ಬ್ರಾಸೋ, ಉಸುಕು ಕಾಗದ ಒಂದೂ ಬೇಡ. ಉಜ್ಜಿದರೆ ಗೀರು ಅಳಿಯುತ್ತದೆ, ತೂಕ ಇಳಿಯುತ್ತದೆ, ಆಮೇಲೆ ಯಾರಿಂದಲೂ ಗುರುತು ಹಿಡಿಯಲು ಆಗುವುದಿಲ್ಲ. ಮಣ್ಣು ಮೆತ್ತಿದ್ದರೆ ಮೆತ್ತನೆ ಬ್ರಷ್, ಶುದ್ಧ ನೀರು ಸಾಕು, ಆಮೇಲೆ ನೆರಳಿನಲ್ಲಿ ಒಣಗಿಸಿ. ಸೀಸದ ಮೇಲಿನ ಬಿಳಿ ಪುಡಿ ವಿಷ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ, ಅಡಿಗೆಮನೆಯ ತಕ್ಕಡಿಯಲ್ಲಿ ತೂಗಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಕಟ್ಟಿಗೆಯ ಡಬ್ಬಿಯಲ್ಲಿ ಸೀಸ ಬೇಗ ಕೆಡುತ್ತದೆ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಒಂದೊಂದನ್ನೂ ಬೇರೆ ಬೇರೆ ಇಡಿ.

ಇಷ್ಟಾದ ಮೇಲೂ ಗೊತ್ತಾಗದಿದ್ದರೆ ಕೇಳಿ, ಆದರೆ ಅಂಗೈ ಫೋಟೊ ಬೇಡ. ಸ್ಕೇಲಿನ ಪಕ್ಕ ಇಟ್ಟು ಮೂರು ಫೋಟೊ ತೆಗೆಯಿರಿ: ಬದಿಯಿಂದ, ತಳದಿಂದ, ಗೀರು ಕಾಣುವಂತೆ ಹತ್ತಿರದಿಂದ. ಜೊತೆಗೆ ಅಡ್ಡಳತೆ, ಉದ್ದ, ಗ್ರಾಮಿನಲ್ಲಿ ತೂಕ, ಅಯಸ್ಕಾಂತಕ್ಕೆ ಅಂಟಿತೋ ಇಲ್ಲವೋ, ಗೀರಿನ ಲೆಕ್ಕ ಮತ್ತು ದಿಕ್ಕು, ಎಲ್ಲಿ ಸಿಕ್ಕಿತು ಎಂಬುದನ್ನು ಬರೆಯಿರಿ. ಊರಿನ ಹೆಸರು ಸಾಕು, ಹೊಲದ ಸರ್ವೆ ನಂಬರು ಬೇಡ. ಅದನ್ನು ನೋಡಿ ರಾತ್ರೋರಾತ್ರಿ ಅಗೆಯಲು ಬರುವವರಿದ್ದಾರೆ.